ನಾಲ್ಕು ವಾರದ ಬಿಸಿನೆಸ್ ಕೋರ್ಸ್‌ಗೆ ಯುರೋಪಿಗೆ ಹೋಗಬೇಕಾ?

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯವಳು. ತೋಟಗಾರಿಕೆಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಮನೆಯಲ್ಲಿ 12 ಎಕರೆ ಕಾಫಿ ತೋಟ ಇದೆ. ಜಾಸ್ತಿ ಅರೇಬಿಕಾ, ನಡುವೆ ಮೆಣಸು. ಮುಂದೆ ತೋಟ ನೋಡಿಕೊಳ್ಳಬೇಕಾದವಳು ನಾನೇ. ಯುರೋಪಿನ ಒಂದು ಬಿಸಿನೆಸ್ ಸ್ಕೂಲು ಬೇರೆ ಬೇರೆ ದೇಶಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಜುಲೈನಲ್ಲಿ 4 ವಾರದ ಕೋರ್ಸ್ ನಡೆಸುತ್ತದೆ. ಶುಲ್ಕ 2,900 ಯೂರೋ. ಈ ಸಲ ಕಾಫಿಗೆ ಒಳ್ಳೆಯ ರೇಟು ಸಿಕ್ಕಿದೆ, ಅಪ್ಪ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಇದರಿಂದ ಮುಂದೆ ಎಂ.ಬಿ.ಎ. ಸೀಟಿಗೋ ಕೆಲಸಕ್ಕೋ ಅನುಕೂಲ ಆಗುತ್ತಾ? ಇಲ್ಲ ದುಡ್ಡು ದಂಡವಾ? ಅಮ್ಮನಿಗೆ ಊಟದ ಚಿಂತೆ ಬೇರೆ.

ಉತ್ತರ: ಎಂ.ಬಿ.ಎ. ಸೀಟಿಗಾಗಿ ಹೋಗುವುದಾದರೆ ಬೇಡ. ತೋಟಕ್ಕಾಗಿ ಹೋಗುವುದಾದರೆ ಹೋಗಿ, ಆದರೆ ಒಂದು ಷರತ್ತಿದೆ. ಹೊರಡುವ ಮೊದಲು ನಿಮ್ಮ ತೋಟದ ಮೂರು ವರ್ಷದ ಲೆಕ್ಕ ಒಂದು ಪುಸ್ತಕದಲ್ಲಿ ಬರೆದಿರಬೇಕು, ಆ ಲೆಕ್ಕ ನೋಡಿದಾಗ ಹುಟ್ಟಿದ ಒಂದು ಗಟ್ಟಿ ಪ್ರಶ್ನೆ ನಿಮ್ಮ ತಲೆಯಲ್ಲಿರಬೇಕು. ಅದಿಲ್ಲದೆ ಹೋದರೆ ನಾಲ್ಕು ವಾರ ಹಾಗೇ ಕಳೆದುಹೋಗುತ್ತದೆ. ನಾನು ಹಾಸನದಲ್ಲಿ ಎಂ.ಬಿ.ಎ. ಮಕ್ಕಳಿಗೆ ಲೆಕ್ಕಪತ್ರ ಪಾಠ ಮಾಡುವವನು. ಇಂಥ ಕೋರ್ಸ್‌ಗಳಿಗೆ ಅರ್ಜಿ ಹಾಕುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮೊದಲು ಹೇಳುವುದೂ ಇದನ್ನೇ.

ಎಂ.ಬಿ.ಎ. ವಿಷಯ ಬೇಗ ಮುಗಿಸಿಬಿಡುತ್ತೇನೆ. ನಮ್ಮ ಐಐಎಂಗಳು ಕ್ಯಾಟ್ ಪ್ರವೇಶ ಪರೀಕ್ಷೆಯ ಅಂಕ, ಹಿಂದಿನ ಪರೀಕ್ಷೆಗಳ ಅಂಕ, ಕೆಲಸದ ಅನುಭವ, ಸಂದರ್ಶನ ನೋಡುತ್ತವೆ. ವಿದೇಶದ ಕಾಲೇಜುಗಳು ಜಿಮ್ಯಾಟ್ ಅಥವಾ ಜಿಆರ್‌ಇ ಪರೀಕ್ಷೆಯ ಅಂಕ, ಅನುಭವ, ಪ್ರಬಂಧ ನೋಡುತ್ತವೆ. ನಾಲ್ಕು ವಾರದ ಪ್ರಮಾಣಪತ್ರಕ್ಕೆ ಇದರಲ್ಲಿ ದೊಡ್ಡ ತೂಕವಿಲ್ಲ. ಕೆಲಸಕ್ಕೂ ಅಷ್ಟೇ. ಬಯೋಡೇಟಾದಲ್ಲಿ ಒಂದು ಸಾಲು ಜಾಸ್ತಿ ಆಗುತ್ತದೆ, ಅದಕ್ಕಿಂತ ಹೆಚ್ಚಿನದು ಆಗುವುದಿಲ್ಲ.

ಹಾಗಾದರೆ ಅಲ್ಲಿ ಸಿಗುವುದು ಏನು? ಇಂಥ ಕೋರ್ಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಒಂದೇ ವಿಷಯ ಹಿಡಿದು ಆಳಕ್ಕೆ ಹೋಗುತ್ತಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 1989ರಿಂದ ನಡೆಸುತ್ತಿರುವ ಬೇಸಿಗೆ ಶಾಲೆ ಹಾಗಿದೆ. ಮೂರು ವಾರದ ಒಂದು ಸರದಿಗೆ ಒಂದು ವಿಷಯ, ಕೊನೆಗೆ ಪರೀಕ್ಷೆ. ಇನ್ನೊಂದು ಬಗೆಯಲ್ಲಿ ವಿಜ್ಞಾನ, ಕಲೆ ಓದಿದವರಿಗೆ ಲೆಕ್ಕಪತ್ರ, ಹಣಕಾಸು, ಮಾರುಕಟ್ಟೆ, ಜನರನ್ನು ನಡೆಸುವುದು ಎಲ್ಲವನ್ನೂ ಒಟ್ಟಿಗೆ ಪರಿಚಯ ಮಾಡಿಸುತ್ತಾರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲಿನ ಬ್ರಿಜ್ ಕೋರ್ಸ್ ಈ ಬಗೆಯದು, 1997ರಲ್ಲಿ ಶುರುವಾದದ್ದು, ಮೂರು ವಾರದ್ದು. ನೀವು ಬರೆದ ಕೋರ್ಸ್ ಎರಡನೆಯ ಬಗೆಯ ಹಾಗೆ ಕಾಣುತ್ತದೆ. ನಿಮಗೆ ಬೇಕಿರುವುದೂ ಅದೇ.

ಇಂಥ ಕಡೆ ಪಾಠ ಜಾಸ್ತಿ ಕೇಸ್ ಮೂಲಕ ನಡೆಯುತ್ತದೆ. ಒಂದು ಕಂಪನಿಯ ನಿಜವಾದ ಕಷ್ಟವನ್ನು ಹತ್ತಿಪ್ಪತ್ತು ಪುಟದಲ್ಲಿ ಬರೆದು ಕೊಡುತ್ತಾರೆ, ಕೊನೆಗೆ ಕೋಷ್ಟಕಗಳಿರುತ್ತವೆ, ರಾತ್ರಿ ಓದಿಕೊಂಡು ಬರಬೇಕು, ಬೆಳಗ್ಗೆ ಮೇಷ್ಟ್ರು ಪಾಠ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಶುರುವಾಯಿತು. ಅಲ್ಲಿ ಮೊದಲ ಕೇಸ್ ಬರೆದದ್ದು 1921ರಲ್ಲಿ, ಒಂದು ಶೂ ಕಂಪನಿಯ ಬಗ್ಗೆ. ಆಮೇಲೆ ಈ ಪದ್ಧತಿ ಪ್ರಪಂಚದ ಎಲ್ಲ ಕಡೆ ಹಬ್ಬಿತು. ನೀವು ಓದುವಾಗ ಕಥೆಗಿಂತ ಮೊದಲು ಕೊನೆಯ ಕೋಷ್ಟಕಗಳನ್ನು ನೋಡಿ. ದುಡ್ಡು ಎಲ್ಲಿಂದ ಬರುತ್ತಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಮತ್ತೆ, ತರಗತಿಯಲ್ಲಿ ಮಾತಾಡಿದ್ದಕ್ಕೂ ಅಂಕ ಇರುತ್ತದೆ. ನಮ್ಮ ಮಲೆನಾಡಿನ ಮಕ್ಕಳು ಎಲ್ಲ ಗೊತ್ತಿದ್ದೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಾರೆ, ಇಂಗ್ಲಿಷ್ ತಪ್ಪಾದರೆ ಏನಂದುಕೊಳ್ಳುತ್ತಾರೋ ಅಂತ. ಅಲ್ಲಿ ಕೂತವರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ಒಂದು ಅಂಕಿ ಹಿಡಿದುಕೊಂಡು ಮೊದಲ ಹತ್ತು ನಿಮಿಷದೊಳಗೆ ಬಾಯಿ ಬಿಡಿ. ಆಮೇಲೆ ಮಾತು ತಾನಾಗಿ ಬರುತ್ತದೆ.

ಈಗ ಆ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಿಮ್ಮ ಮನೆಯಲ್ಲಿ ಲೆಕ್ಕ ಇರುತ್ತದೆ, ಆದರೆ ಚೂರು ಚೂರಾಗಿ ಇರುತ್ತದೆ. ತೋಟದ ರೈಟರ್ (ಗುಮಾಸ್ತ) ಬರೆದ ಕೂಲಿಯವರ ಹಾಜರಿ ಪುಸ್ತಕ, ಗೊಬ್ಬರದ ಅಂಗಡಿ ಬಿಲ್ಲು, ಅಪ್ಪನ ಡೈರಿ, ಬ್ಯಾಂಕ್ ಪಾಸ್‌ಬುಕ್, ವ್ಯಾಪಾರಿ ಕೊಟ್ಟ ಚೀಟಿ. ಇದನ್ನೆಲ್ಲ ತಿಂಗಳ ಪ್ರಕಾರ ಜೋಡಿಸಿ. ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಕಳೆ, ರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ, ಗೊಬ್ಬರ, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಕೊಯ್ಲಿನ ಕೂಲಿ. ಖರ್ಚು ಹನ್ನೆರಡು ತಿಂಗಳೂ ಇದೆ. ಆದಾಯ ಮಾತ್ರ ಕೊಯ್ಲು ಮುಗಿದು ಕಾಫಿ ಮಾರಿದಾಗ ಒಂದೇ ಸಲ ಬರುತ್ತದೆ. ವರ್ಷದ ಕೊನೆಗೆ ಲಾಭ ಇದ್ದರೂ ಸೆಪ್ಟೆಂಬರ್‌ನಲ್ಲಿ ಕೂಲಿ ಕೊಡಲು ಕೈಯಲ್ಲಿ ದುಡ್ಡಿರುವುದಿಲ್ಲ, ಅಲ್ವಾ? ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಅನ್ನುವುದು ಬಿಸಿನೆಸ್ ಪಾಠದ ಮೊದಲ ವಾರದ ಮುಖ್ಯ ವಿಷಯ. ಅದು ನಿಮಗೆ ಹುಟ್ಟಿದಾಗಿನಿಂದ ಗೊತ್ತಿದೆ, ಕಾಗದದ ಮೇಲೆ ಬರೆದು ನೋಡಿಲ್ಲ ಅಷ್ಟೇ.

ಮೂರು ವರ್ಷದ್ದು ಯಾಕೆ ಅಂದರೆ, ಅರೇಬಿಕಾ ಒಂದು ವರ್ಷ ಹೊರೆ ಕಾಯಿ ಬಿಟ್ಟರೆ ಮರುವರ್ಷ ಕಡಿಮೆ ಬಿಡುತ್ತದೆ. ಒಂದೇ ವರ್ಷದ ಲೆಕ್ಕ ನಂಬಿದರೆ ಮೋಸ ಹೋಗುತ್ತೀರಿ. ರೇಟಿನದ್ದು ಇನ್ನೂ ದೊಡ್ಡ ಏರಿಳಿತ. 2019ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 1 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. 2025ರ ಫೆಬ್ರವರಿಯಲ್ಲಿ ಅದೇ ಕಾಫಿ 4 ಡಾಲರ್ ದಾಟಿತು. ಅಪ್ಪ ಈಗ ಕಳಿಸುತ್ತೇನೆ ಅನ್ನುತ್ತಿರುವುದು ಮೇಲಿರುವ ರೇಟು ನೋಡಿ. ಕೆಳಗಿನ ರೇಟು ಬಂದರೂ ಈ ಖರ್ಚು ತಡೆದುಕೊಳ್ಳುವಷ್ಟು ಉಳಿತಾಯ ಇದೆಯಾ ಅಂತ ಇಬ್ಬರೂ ಕೂತು ನೋಡಿ. ಈ ಮಾತು ಆಡುವಾಗ ಪುಸ್ತಕ ಮುಂದಿದ್ದರೆ ಜಗಳ ಆಗುವುದಿಲ್ಲ.

ಇನ್ನು ಪ್ರಶ್ನೆ. ಒಂದು ಉದಾಹರಣೆ ಕೊಡುತ್ತೇನೆ. ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ 50 ಕೆ.ಜಿ. ಮೂಟೆಯ ರೇಟು ಬರುತ್ತದೆ. ಅದು ಎಲ್ಲಿಂದ ಬರುತ್ತದೆ ಅಂತ ಲೆಕ್ಕ ಹಾಕಿದ್ದೀರಾ? ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 3 ಡಾಲರ್, ಡಾಲರ್‌ಗೆ 85 ರೂಪಾಯಿ ಅಂತ ಸುಮ್ನೆ ಹಿಡಿಯಿರಿ. 50 ಕೆ.ಜಿ. ಪಾರ್ಚ್‌ಮೆಂಟ್, ಅಂದರೆ ಮೇಲಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ, ಕ್ಯೂರಿಂಗ್ ಆದರೆ, ಅಂದರೆ ಒಳಹೊಟ್ಟು ತೆಗೆದು ವಿಂಗಡಿಸಿದರೆ, ಸುಮಾರು 40 ಕೆ.ಜಿ. ಬೀಜ ಸಿಗುತ್ತದೆ. 40 ಕೆ.ಜಿ. ಅಂದರೆ 88 ಪೌಂಡ್. 88ಕ್ಕೆ 3 ಡಾಲರ್‌ನಂತೆ 264 ಡಾಲರ್, ಅಂದರೆ ಸುಮಾರು 22,400 ರೂಪಾಯಿ. ನಿಮ್ಮ ಕೈಗೆ ಬಂದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ಕ್ಯೂರಿಂಗ್ ಖರ್ಚು, ಲಾರಿ, ವ್ಯಾಪಾರಿಯ ಪಾಲು, ರಫ್ತುದಾರರ ಪಾಲು, ನಿಮ್ಮ ಕಾಫಿಯ ಗುಣಮಟ್ಟಕ್ಕೆ ಸಿಕ್ಕಿದ ಅಥವಾ ಸಿಗದ ಬೆಲೆ ಎಲ್ಲವೂ ಇದೆ. ಆ ವ್ಯತ್ಯಾಸದಲ್ಲಿ ಎಷ್ಟು ಭಾಗ ನನ್ನ ಮನೆಗೆ ತರಬಹುದು, ಅದಕ್ಕೆ ಎಷ್ಟು ಬಂಡವಾಳ ಬೇಕು? ಇದು ಒಂದು ಒಳ್ಳೆಯ ಪ್ರಶ್ನೆ.

ಇನ್ನೊಂದು: ಅರೇಬಿಕಾ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳು ತಿಂದುಹಾಕಿದ ಜಾಗದಲ್ಲಿ ಮತ್ತೆ ಅರೇಬಿಕಾ ನೆಡಬೇಕಾ, ರೋಬಸ್ಟಾ ಹಾಕಬೇಕಾ? ಹೊಸ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಖರ್ಚು ಮಾತ್ರ. ಶೇಕಡ 10ರ ಬಡ್ಡಿ ಹಿಡಿದರೆ ಐದು ವರ್ಷದ ನಂತರ ಬರುವ 1 ಲಕ್ಷದ ಬೆಲೆ ಇವತ್ತಿಗೆ ಸುಮಾರು 62,000 ರೂಪಾಯಿ. ಹಣಕಾಸಿನ ಪಾಠದಲ್ಲಿ ಇದೇ ಲೆಕ್ಕವನ್ನು ಯಾವುದೋ ಕಾರ್ಖಾನೆಯ ಯಂತ್ರಕ್ಕೆ ಮಾಡಿಸುತ್ತಾರೆ. ನೀವು ಅದೇ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ನಿಮ್ಮ ಎರಡು ಎಕರೆಗೆ ಮಾಡಿ ನೋಡಬೇಕು. ಹಾಗೆ ಮಾಡಿದವರಿಗೆ ಈ ಕೋರ್ಸ್ ಉಪಯೋಗಕ್ಕೆ ಬರುತ್ತದೆ.

ಯುರೋಪ್ ಅನ್ನುವುದಕ್ಕೇ ಒಂದು ಲಾಭ ಇದೆ. ನಮ್ಮ ಕಾಫಿ ಅತಿ ಹೆಚ್ಚು ಹೋಗುವುದು ಇಟಲಿಗೆ. ಜರ್ಮನಿಗೂ ಬೆಲ್ಜಿಯಂಗೂ ಹೋಗುತ್ತದೆ. ಹ್ಯಾಂಬರ್ಗ್, ಆಂಟ್‌ವರ್ಪ್ ದೊಡ್ಡ ಕಾಫಿ ಬಂದರುಗಳು. ಕಾಡು ಕಡಿದ ಜಾಗದ ಕಾಫಿ ಬೇಡ ಅನ್ನುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದೆ. ಜಾರಿಯ ದಿನ ಮುಂದೆ ಹೋಗಿದ್ದರೂ ಕಾನೂನು ಹೋಗಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿರಬಾರದು, ತೋಟದ ಜಾಗವನ್ನು ನಕ್ಷೆಯಲ್ಲಿ ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ಜಾಗಕ್ಕೆ ಒಂದು ಚುಕ್ಕೆ ಸಾಲದು, ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ನಿಮ್ಮ 12 ಎಕರೆ ಒಂದೇ ತುಂಡಾಗಿದ್ದರೆ ಸುಮಾರು 4.86 ಹೆಕ್ಟೇರ್ ಆಗುತ್ತದೆ, ಅಂದರೆ ನೀವು ಗಡಿ ನಕ್ಷೆ ಕೊಡಬೇಕಾದವರ ಸಾಲಿಗೆ ಬರುತ್ತೀರಿ. ಕಾಫಿ ಕೊಳ್ಳುವವರ ಬಾಯಿಂದಲೇ ಇದನ್ನು ಕೇಳಿಕೊಂಡು ಬರುವ ಅವಕಾಶ ಬಿಡಬೇಡಿ. ಕೋರ್ಸ್ ಮುಗಿದ ಮೇಲೆ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಮೊದಲೇ ಒಂದೆರಡು ರೋಸ್ಟರ್‌ಗಳಿಗೆ (ಕಾಫಿ ಬೀಜ ಹುರಿದು ಮಾರುವ ಕಂಪನಿಗಳಿಗೆ) ಮೇಲ್ ಬರೆಯಿರಿ, ಚಿಕ್ಕಮಗಳೂರಿನ ತೋಟದಿಂದ ಬರುತ್ತಿದ್ದೇನೆ ಅಂತ ಮೊದಲ ಸಾಲಿನಲ್ಲೇ ಹೇಳಿ. ಚಿಕ್ಕಮಗಳೂರು ಅರೇಬಿಕಾಗೂ ಬಾಬಾಬುಡನ್‌ಗಿರಿ ಅರೇಬಿಕಾಗೂ 2019ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದೆ, ಅದನ್ನೂ ಬರೆಯಿರಿ.

ಜೊತೆಯಲ್ಲಿ ಕೂರುವವರ ಬಗ್ಗೆಯೂ ಯೋಚಿಸಿ. ಅಂತರರಾಷ್ಟ್ರೀಯ ಕೋರ್ಸ್ ಅಂದಮೇಲೆ ಬ್ರೆಜಿಲ್‌ನವರೋ ವಿಯೆಟ್ನಾಂನವರೋ ಒಬ್ಬರಾದರೂ ಇರುವ ಸಾಧ್ಯತೆ ಇದೆ. ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಎರಡು ದೇಶಗಳು ಅವು. ವಿಯೆಟ್ನಾಂ 1986ರ ಆರ್ಥಿಕ ಸುಧಾರಣೆಯ ನಂತರ ಸುಮಾರು ಹದಿನೈದು ವರ್ಷದಲ್ಲಿ ಎರಡನೇ ಸ್ಥಾನಕ್ಕೆ ಬಂತು. ಆ ಊರುಗಳ ಕೂಲಿ ಎಷ್ಟು, ಸಾಲ ಹೇಗೆ ಸಿಗುತ್ತದೆ, ಬೆಳೆಗಾರ ಯಾರಿಗೆ ಮಾರುತ್ತಾನೆ ಅಂತ ಊಟದ ಮೇಜಿನಲ್ಲಿ ಕೇಳಿ ತಿಳಿಯುವುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಇನ್ನು ದುಡ್ಡು. ನೀವು 2,900 ಯೂರೋ ಮಾತ್ರ ಹೇಳಿದ್ದೀರಿ. ಯೂರೋಗೆ 100 ರೂಪಾಯಿ ಅಂತ ಸುಲಭಕ್ಕೆ ಹಿಡಿದರೂ ಅದು 2.9 ಲಕ್ಷ. ಕೋಣೆಗೆ 900, ಊಟ ಓಡಾಟಕ್ಕೆ 700 ಯೂರೋ ಸೇರಿಸಿ, 4.5 ಲಕ್ಷ. ಬೆಂಗಳೂರಿನಿಂದ ಹೋಗಿ ಬರುವ ವಿಮಾನಕ್ಕೆ ಜುಲೈನಲ್ಲಿ 80,000 ಇಟ್ಟುಕೊಳ್ಳಿ. ವಿಮೆ, ವೀಸಾ ಕೇಂದ್ರದ ಶುಲ್ಕ, ಬೆಂಗಳೂರಿಗೆ ಓಡಾಟ, ಬ್ಯಾಂಕಿನ ಕಮಿಷನ್ ಎಲ್ಲ ಸೇರಿ ಇನ್ನೊಂದು 20,000. ಒಟ್ಟು ಐದೂವರೆ ಲಕ್ಷ. ಇದು ನನ್ನ ಅಂದಾಜು, ಊರಿನ ಮೇಲೆ ಹೆಚ್ಚು ಕಡಿಮೆ ಆಗುತ್ತದೆ, ಆದರೆ ಮೂರು ಲಕ್ಷದಲ್ಲಿ ಮುಗಿಯುವುದಿಲ್ಲ. ಒಡವೆ ಇಟ್ಟು ಅಥವಾ ಬೆಳೆ ಸಾಲದ ದುಡ್ಡು ತಿರುಗಿಸಿ ಹೋಗಬೇಕಾದರೆ ಈ ವರ್ಷ ಬಿಟ್ಟುಬಿಡಿ. ಕೋರ್ಸ್ ಮುಂದಿನ ವರ್ಷವೂ ಇರುತ್ತದೆ. ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ವಸೂಲಿ ಮಾಡುವ ಟಿಸಿಎಸ್ ಎಂಬ ತೆರಿಗೆಯ ಬಗ್ಗೆ ಯಾರೋ ಹೆದರಿಸಿರಬಹುದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಅದು ಇಲ್ಲ.

ಶುಲ್ಕ ಕಟ್ಟುವ ಮೊದಲು ಸ್ಕೂಲಿಗೆ ಒಂದು ಮೇಲ್ ಬರೆಯಿರಿ. ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಕೊಡುತ್ತೀರಾ, ಯಾವ ತಾರೀಖಿನವರೆಗೆ? ಅಭಿವೃದ್ಧಿಶೀಲ ದೇಶದ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಇದೆಯಾ? ಕೇಳಿದವರಿಗೆ ಮಾತ್ರ ಸಿಗುವ ವಿನಾಯಿತಿಗಳು ಇರುತ್ತವೆ, ಕೇಳಲು ಸಂಕೋಚ ಬೇಡ. ಪಾಠ ಮಾಡುವವರು ಆ ಸ್ಕೂಲಿನ ಕಾಯಂ ಪ್ರಾಧ್ಯಾಪಕರಾ? ಇದು ಬಹಳ ಮುಖ್ಯ. ದೊಡ್ಡ ವಿಶ್ವವಿದ್ಯಾಲಯದ ಕಟ್ಟಡವನ್ನು ರಜೆಯಲ್ಲಿ ಬಾಡಿಗೆಗೆ ಹಿಡಿದು ಖಾಸಗಿಯವರು ನಡೆಸುವ ಕೋರ್ಸ್‌ಗಳೂ ಇವೆ. ಪ್ರಮಾಣಪತ್ರದ ಮೇಲೆ ಯಾರ ಮೊಹರು ಇರುತ್ತದೆ, ದುಡ್ಡು ಯಾರ ಖಾತೆಗೆ ಹೋಗುತ್ತದೆ ಅಂತ ನೋಡಿದರೆ ಅರ್ಧ ಗೊತ್ತಾಗುತ್ತದೆ. ಯುರೋಪಿನ ಕ್ರೆಡಿಟ್ ಲೆಕ್ಕವೂ ಒಂದು ಒರೆಗಲ್ಲು. ಅಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ನಾಲ್ಕು ವಾರಕ್ಕೆ ಏಳೆಂಟು ಕ್ರೆಡಿಟ್ ಅಂದರೆ ನಂಬಬಹುದು. ಹದಿನೈದು ಕೊಡುತ್ತೇವೆ ಅಂದರೆ ವಾರಕ್ಕೆ 90 ಗಂಟೆಗಿಂತ ಜಾಸ್ತಿ ಆಗುತ್ತದೆ. ಅಂಥದ್ದರ ಹತ್ತಿರ ಹೋಗಬೇಡಿ.

ಜೂನ್ ಜುಲೈ ತೋಟಕ್ಕೆ ಅಡ್ಡಿಯಿಲ್ಲ, ಮಳೆಗಾಲ, ಕೊಯ್ಲು ನವೆಂಬರ್‌ ಹೊತ್ತಿಗೆ. ಆದರೆ ನಿಮ್ಮ ಪರೀಕ್ಷೆ, ಪ್ರಬಂಧ ಸಲ್ಲಿಸುವ ದಿನ ಅದೇ ಹೊತ್ತಿಗೆ ಬರಬಹುದು. ಮಾರ್ಗದರ್ಶಕರ ಹತ್ತಿರ ಈಗಲೇ ಮಾತಾಡಿ, ಕಾಲೇಜಿನಿಂದ ವ್ಯಾಸಂಗ ಪತ್ರ ಮತ್ತು ಆಕ್ಷೇಪಣೆ ಇಲ್ಲ ಎಂಬ ಪತ್ರ ತೆಗೆದುಕೊಳ್ಳಿ. ವೀಸಾಕ್ಕೂ ಅವೇ ಬೇಕು.

ಷೆಂಗೆನ್ ದೇಶವಾದರೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದ್ದಾದರೆ, 90 ದಿನದೊಳಗಿನ ಓದಿಗೆ ಸಣ್ಣ ಅವಧಿಯ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಿರಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, 45 ದಿನದವರೆಗೂ ಎಳೆಯಬಹುದು. ಬೇಸಿಗೆಯಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸ್ಲಾಟ್ ಸಿಗುವುದು ಕಷ್ಟ, ಹಾಗಾಗಿ ಏಪ್ರಿಲ್ ಮುಗಿಯುವುದರೊಳಗೆ ಹಾಕಿ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, ಆದರೆ ಓದಿಗಾಗಿ ಹೋಗುವ ವಿದ್ಯಾರ್ಥಿಗಳಿಗೆ ಆ ಶುಲ್ಕ ಮಾಫಿ ಅಂತ ಷೆಂಗೆನ್ ನಿಯಮದಲ್ಲೇ ಇದೆ. ಕೌಂಟರಿನಲ್ಲಿ ಕೇಳಿ ಪಡೆಯಿರಿ, ಕೇಂದ್ರದ ಸೇವಾಶುಲ್ಕ ಮಾತ್ರ ಕಟ್ಟಬೇಕಾಗುತ್ತದೆ. ಕೋರ್ಸ್ ನಂತರದ ಎರಡು ಮೂರು ದಿನವನ್ನೂ ಅರ್ಜಿಯ ತಾರೀಖಿನಲ್ಲಿ ಸೇರಿಸಲು ಮರೆಯಬೇಡಿ.

ತೋಟದ ಮನೆಯವರಿಗೆ ಇಲ್ಲಿ ಒಂದು ತೊಡಕು ಇದೆ. ಅರ್ಜಿಯಲ್ಲಿ ಪೋಷಕರ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಬಹಳ ಬೆಳೆಗಾರರು ರಿಟರ್ನ್ಸ್ ಹಾಕಿಯೇ ಇರುವುದಿಲ್ಲ. ಅಂಥವರು ಪಹಣಿ, ಕಾಫಿ ಮಾರಿದ ಬಿಲ್ಲುಗಳು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯದ ಬಗ್ಗೆ ಚಾರ್ಟರ್ಡ್ ಅಕೌಂಟೆಂಟ್ ಬರೆದುಕೊಟ್ಟ ಪತ್ರ ಇಷ್ಟನ್ನೂ ಸೇರಿಸಿ ಒಂದು ಪುಟದ ವಿವರಣೆ ಬರೆಯಬೇಕು. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಇನ್ನೊಂದು ಎಚ್ಚರಿಕೆ, ಅರ್ಜಿ ಹಾಕುವ ಹಿಂದಿನ ವಾರ ಯಾರದೋ ಖಾತೆಯಿಂದ ನಾಲ್ಕು ಲಕ್ಷ ತಂದು ತುಂಬಬೇಡಿ, ಅದು ನೋಡಿದ ತಕ್ಷಣ ಅನುಮಾನ ಬರುತ್ತದೆ. ಕಾಫಿ ಮಾರಿದ ದುಡ್ಡು ಬಿಲ್ಲಿನ ತಾರೀಖಿಗೆ ಸರಿಯಾಗಿ ಖಾತೆಗೆ ಬಂದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಓದು ಅರ್ಧದಲ್ಲಿದೆ, ಊರಿನಲ್ಲಿ ಜಮೀನಿದೆ ಅನ್ನುವುದು ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೂ ಆಧಾರ.

ಹೋಗುವುದು ಖಚಿತವಾಗಲಿ ಬಿಡಲಿ, ಇವತ್ತಿನಿಂದಲೇ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ (SWAYAM) ಪೋರ್ಟಲ್‌ನಲ್ಲಿ ಲೆಕ್ಕಪತ್ರದ ಒಂದು ಕೋರ್ಸ್ ಶುರು ಮಾಡಿ. ಅಲ್ಲಿನ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳನ್ನು ನೋಡಿಕೊಳ್ಳುವುದು ಬೆಂಗಳೂರಿನ ಐಐಎಂ. ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಜಮೆ, ಖರ್ಚು, ಆಸ್ತಿಪಟ್ಟಿ ಇವನ್ನು ಐದೂವರೆ ಲಕ್ಷ ಕೊಟ್ಟು ಅಲ್ಲಿ ಹೋಗಿ ಮೊದಲ ಸಲ ಕಲಿಯಬಾರದು, ಅಲ್ಲಿ ಅದಕ್ಕೆ ಎರಡು ದಿನವೂ ಕೊಡುವುದಿಲ್ಲ. ಎರಡು ತಿಂಗಳು ಈ ಪಾಠ ಕೇಳಿ, ಜೊತೆಗೆ ತೋಟದ ಪುಸ್ತಕ ಬರೆದ ಮೇಲೆ, ನನಗೆ ಬೇಕಿದ್ದದ್ದು ಇಲ್ಲೇ ಸಿಕ್ಕಿತು ಅನ್ನಿಸಿದರೆ ಅದೂ ಸರಿಯೇ. ಆ ದುಡ್ಡಿನಲ್ಲಿ ಕಣಕ್ಕೆ ಸಿಮೆಂಟ್ ಹಾಕಿಸಬಹುದು. ಪ್ರಶ್ನೆ ಇನ್ನೂ ದೊಡ್ಡದಾಯಿತು ಅನ್ನಿಸಿದರೆ ಹೊರಡಿ.

ಅಮ್ಮನಿಗೆ ಹೇಳಿ, ಊಟದ ತೊಂದರೆ ಆಗುವುದಿಲ್ಲ. ಕೋಣೆ ಬುಕ್ ಮಾಡುವಾಗ ಅಡುಗೆಮನೆ ಇರುವ ಹಾಸ್ಟೆಲನ್ನೇ ಆರಿಸಿ, ಅಕ್ಕಿ, ಬೇಳೆ, ತರಕಾರಿ ಎಲ್ಲ ಊರಿನಲ್ಲೂ ಸಿಗುತ್ತದೆ. ಸಾಂಬಾರ್ ಪುಡಿ, ಚಟ್ನಿಪುಡಿ ಕಟ್ಟಿಕೊಡಲಿ. ತುಪ್ಪ, ಹಾಲಿನ ಪುಡಿ, ಪೇಡ ಮಾತ್ರ ಬೇಡ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ತೆಗೆದುಹಾಕುತ್ತಾರೆ.